ಮನೆಯ ಕಂಪ್ಯೂಟರ್ ಕೆಟ್ಟಾಗ ಫೋನಿನಲ್ಲಿ ಏನು ಹೇಳಬೇಕು?

ಬೆಳೆಗಾರ ಬಂಧುಗಳಲ್ಲಿ ಅನೇಕರ ಮನೆಗೆ ಈಗ ಕಂಪ್ಯೂಟರ್ ಬಂದಿದೆ. ಮಕ್ಕಳ ಓದಿಗೆಂದು ತಂದದ್ದು ಪಹಣಿ ತೆಗೆಯಲು, ಬ್ಯಾಂಕಿನ ಲೆಕ್ಕ ನೋಡಲು, ಅಡಿಕೆ ಧಾರಣೆ ತಿಳಿಯಲು ಕೂಡ ಬೇಕಾಗಿದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಂತ್ರ ಕೆಟ್ಟರೆ ರಿಪೇರಿಯವರು ಹೊಸಪೇಟೆಯಿಂದಲೋ ದಾವಣಗೆರೆಯಿಂದಲೋ ಬರುವವರೆಗೆ ಕಾಯಬೇಕಾದೀತು. ಆದ್ದರಿಂದ ಮೊದಲು ಕಂಪನಿಯ ಸಹಾಯವಾಣಿಗೆ ಫೋನ್ ಮಾಡುತ್ತೇವೆ. ತಲೆನೋವು ಶುರುವಾಗುವುದೂ ಅಲ್ಲಿಂದಲೇ.

ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿಸಿಕೊಂಡು, ಸಂಗೀತ ಕೇಳಿಕೊಂಡು ಕಾಯುವಷ್ಟರಲ್ಲಿ ಎರಡು ಸಾಲು ಅಡಿಕೆಗೆ ನೀರು ಹಾಯಿಸಬಹುದು. ಕೊನೆಗೆ ಸಿಕ್ಕವರು "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್" ಎನ್ನುತ್ತಾರೆ. ಮಾರನೆಯ ದಿನ ಬೇರೊಬ್ಬರು ಫೋನ್ ಎತ್ತಿ ಮತ್ತೆ ಅದನ್ನೇ ಹೇಳುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಆ ಹುಡುಗನಿಗೆ ನಿಮ್ಮ ಯಂತ್ರ ಕಾಣುವುದಿಲ್ಲ. ಅವನ ಮುಂದೆ ಪ್ರಶ್ನೆಗಳ ಪಟ್ಟಿಯೊಂದಿದೆ, ಅದನ್ನು ಕ್ರಮವಾಗಿ ಕೇಳಬೇಕು. ಕೊಳವೆಬಾವಿಯ ಮೋಟಾರ್ ನಿಂತಾಗ ನಾವು ಪಂಪ್ ಎತ್ತಿಸುವ ಮುಂಚೆ ಮೂರು ಫೇಸ್ ಬಂದಿದೆಯೇ, ಸ್ಟಾರ್ಟರ್ ಸರಿಯಿದೆಯೇ ಎಂದು ನೋಡುವುದಿಲ್ಲವೇ? ಅವನು ಕೇಳುವುದೂ ಅದನ್ನೇ. ಅವನ ಪಟ್ಟಿಯಲ್ಲಿಲ್ಲದ ರೋಗ ಬಂದಾಗ ಮಾತ್ರ ಇಬ್ಬರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಅಂಥ ಒಂದು ರೋಗವನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು. ಕಂಪ್ಯೂಟರ್ ಆನ್ ಆಗುತ್ತದೆ, ಇಂಟರ್‌ನೆಟ್ ಇದೆ, ಆದರೆ ಬ್ಯಾಂಕಿನ ತಾಣ ತೆರೆಯುವುದಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಇಂಟರ್‌ನೆಟ್‌ನವರನ್ನು ಕೇಳಿದರೆ ಲೈನ್ ಸರಿಯಿದೆ ಎನ್ನುತ್ತಾರೆ. ಬ್ಯಾಂಕಿನವರು ನಮ್ಮ ತಾಣ ಸರಿಯಿದೆ ಎನ್ನುತ್ತಾರೆ. ಕಂಪ್ಯೂಟರಿನವರು ವಿಂಡೋಸ್ ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಮೊದಲಿಬ್ಬರ ಮಾತು ನಿಜವೇ. ಪರದೆಯ ಮೂಲೆಯಲ್ಲಿ ತಾರೀಖು ಎಷ್ಟಿದೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ!

ಯಂತ್ರದ ಒಳಗೆ ರೂಪಾಯಿ ನಾಣ್ಯದಂತಹ ಒಂದು ಸೆಲ್ ಇರುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಎಂಬ 3 ವೋಲ್ಟಿನದು. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಸಿಡಿಲಿಗೆ, ವೋಲ್ಟೇಜ್ ಏರಿಳಿತಕ್ಕೆ ಹೆದರಿ ನಾವು ರಾತ್ರಿ ಪ್ಲಗ್ ತೆಗೆದಿಡುತ್ತೇವೆ. ಕಾಫಿ ಸೀಮೆಯ ಸದಸ್ಯರೂ ಮಳೆಗಾಲದಲ್ಲಿ ಹಾಗೆಯೇ ಮಾಡುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟೂ ಹೊತ್ತು ಗಡಿಯಾರದ ಭಾರ ಆ ಸೆಲ್ಲಿನ ಮೇಲೆಯೇ. ಅದು ಸತ್ತರೆ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಬ್ಯಾಂಕು, ಸರ್ಕಾರದ ತಾಣಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಒಂದು ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ತನ್ನ ತಾರೀಖಿನೊಡನೆ ಅದನ್ನು ಹೋಲಿಸಿ, ಇನ್ನೂ ಜಾರಿಗೇ ಬಂದಿಲ್ಲವೆಂದು ಬಾಗಿಲು ಹಾಕುತ್ತದೆ. ಕೆಲವೊಮ್ಮೆ ಇಂಟರ್‌ನೆಟ್ ಸಿಕ್ಕಾಗ ತಾರೀಖು ತಾನೇ ಸರಿಯಾಗುವುದರಿಂದ ರೋಗ ಬಂದು ಹೋಗುವಂತೆ ಕಾಣುತ್ತದೆ. ತಾರೀಖು ತಿದ್ದಿ ನೋಡಿ. ಮತ್ತೆ ತಪ್ಪಿದರೆ ಸೆಲ್ ಬದಲಿಸಬೇಕು. ಖರ್ಚು ಅಲ್ಪ. ಲ್ಯಾಪ್‌ಟಾಪ್ ಆದರೆ ರಿಪೇರಿಯವರಿಗೇ ಬಿಡುವುದು ಲೇಸು. ತೆಗೆದ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಕ್ಕೆ ಅಪಾಯ.

ಇನ್ನೊಂದು ದೂರು, ಬೇರೆಯವರು ಕಳಿಸಿದ ಕನ್ನಡ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುವುದು. ಇದು ವೈರಸ್ ಅಲ್ಲ. ಹಳೆಯ ನುಡಿ ಮುಂತಾದ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಅದೇ ಅಕ್ಷರಶೈಲಿ ನಿಮ್ಮಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಯೂನಿಕೋಡ್‌ನಲ್ಲಿ ಕಳಿಸಲು ಹೇಳಿದರೆ ಸಾಕು.

ಫೋನ್ ಮಾಡುವ ಮುಂಚೆ ಪರದೆಯ ಮೇಲಿನ ಸಂದೇಶವನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಿ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. "ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯದು. ಯಂತ್ರದ ಹಿಂಭಾಗದ ಸೀರಿಯಲ್ ನಂಬರ್, ಕೊಂಡ ದಿನದ ರಸೀದಿ, ಕೆಡುವ ಮುಂಚೆ ಏನಾಯಿತು (ಕರೆಂಟು ಹೋಯಿತೇ, ಹೊಸ ಪ್ರಿಂಟರ್ ಹಾಕಿದಿರೇ) ಇವು ಕೈಯಲ್ಲಿರಲಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಂಡು, ಮುಂದಿನ ಸಲ ಮೊದಲು ಅದನ್ನೇ ಹೇಳಿ. ಪಟ್ಟಿ ಮುಗಿದರೂ ಸರಿಹೋಗದಿದ್ದರೆ ಮೇಲಿನವರಿಗೆ ಕೊಡಿ ಎಂದು ಕೇಳಲು ಸಂಕೋಚ ಬೇಡ.

ನಿಜವಾದ ಅಪಾಯ ಇರುವುದು ಬೇಸತ್ತ ಮೇಲೆ. ಸಹಾಯವಾಣಿ ಸಿಗಲಿಲ್ಲವೆಂದು ಇಂಟರ್‌ನೆಟ್‌ನಲ್ಲಿ ಹುಡುಕಿ ಯಾವುದೋ ನಂಬರಿಗೆ ಫೋನ್ ಮಾಡಿದರೆ ಮೋಸಗಾರರು ಎತ್ತಬಹುದು. ಅವರು ಬಲು ಮರ್ಯಾದೆಯಿಂದ ಮಾತಾಡಿ, ದೂರದಿಂದ ಯಂತ್ರ ನಡೆಸುವ ಒಂದು ಆ್ಯಪ್ ಹಾಕಿಸಿ, ಸಣ್ಣ ಶುಲ್ಕ ಕಟ್ಟಿ ಎನ್ನುತ್ತಾರೆ; ನೀವು ಒತ್ತುವ ಗುಟ್ಟಿನ ಸಂಖ್ಯೆಗಳೆಲ್ಲ ಅವರ ಪಾಲು. ಸೈರನ್ ಕೂಗಿಸಿ "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎನ್ನುವ ಪರದೆಯೂ ಇದೇ ಜಾತಿಯದು. ಮೈಕ್ರೋಸಾಫ್ಟ್‌ನ ದೋಷಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ರಸೀದಿ ಅಥವಾ ವಾರಂಟಿ ಕಾರ್ಡಿನ ಮೇಲಿನ ನಂಬರ್ ಮಾತ್ರ ಬಳಸಿ. ನಿಜವಾದ ಕಂಪನಿಯವರೂ ದೂರದಿಂದ ಯಂತ್ರ ನೋಡುವುದುಂಟು. ಆಗ ಬ್ಯಾಂಕಿನ ಪುಟ ಮುಚ್ಚಿ, ಕೆಲಸ ಮುಗಿಯುವವರೆಗೆ ಎದುರಿಗೇ ಕುಳಿತಿರಿ. ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋಯಿತೆಂದು ತಿಳಿದ ಕೂಡಲೇ ಇಂಟರ್‌ನೆಟ್ ತೆಗೆದು, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ನಾಚಿಕೆಯಿಂದ ಬೆಳಗಿನವರೆಗೆ ಸುಮ್ಮನಿರುವುದು ಮೋಸಗಾರನಿಗೆ ಮಾಡುವ ಉಪಕಾರ.

ವಾರಂಟಿಯೊಳಗಿದ್ದೂ ಕಂಪನಿಯವರು ರಿಪೇರಿ ಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಅಂಗಡಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಲು ಅವಕಾಶವಿದೆ. ಬರೆದಿಟ್ಟ ದೂರಿನ ಸಂಖ್ಯೆ, ತಾರೀಖುಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.