ತೊಟ್ಟಿಕ್ಕುವುದು ಕೆಳಗೆ, ಸೋರುವುದು ಮೇಲೆ

ಹಳೆಯ ಲಾರಿಯ ಕೆಳಗೆ ಆಯಿಲ್ ಕಲೆ ಕಂಡ ಕೂಡಲೇ ಮಾಲೀಕರು ಹೇಳುವ ಮಾತು ಎಲ್ಲ ಗ್ಯಾರೇಜಿನಲ್ಲೂ ಒಂದೇ: ‘ಮೇಸ್ತ್ರಿ, ಚೇಂಬರ್ ಪ್ಯಾಕಿಂಗ್ ಹೋಗಿದೆ, ಬೇರೆ ಹಾಕ್ಬಿಡಿ.’ ಅವರಿಗೆ ಹಾಗನ್ನಿಸುವುದು ಸಹಜ. ಚೇಂಬರ್ ಪೂರ್ತಿ ಒದ್ದೆಯಾಗಿದೆ, ಡ್ರೈನ್ ಬೋಲ್ಟಿನ ತುದಿಯಲ್ಲಿ ಕಪ್ಪು ತೊಟ್ಟೊಂದು ಬೀಳಲು ಕಾದಿದೆ. ಆಯಿಲ್ ಇಳಿಸಿ, ಪ್ಯಾಕಿಂಗ್ ಬದಲಿಸಿ, ಹೊಸ ಆಯಿಲ್ ಸುರಿದದ್ದೂ ಆಗುತ್ತದೆ. ನಾಲ್ಕು ಲೋಡ್ ಹೊಡೆಯುವಷ್ಟರಲ್ಲಿ ಕಲೆ ಮತ್ತೆ ಅದೇ ಜಾಗದಲ್ಲಿ. ಚೇಂಬರ್ ಇರುವುದೇ ಇಂಜಿನ್ನಿನ ತೀರಾ ತಳದಲ್ಲಿ. ಮೇಲೆ ಎಲ್ಲಿ ಸೋರಿದರೂ ಆಯಿಲ್ ಇಳಿದು ಬಂದು ತೊಟ್ಟಿಕ್ಕುವುದು ಅಲ್ಲಿಂದಲೇ.

ನಮ್ಮ ಹಳೆಯ ಟಾಟಾ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು 697 ಇಂಜಿನ್. ಆರು ಸಿಲಿಂಡರ್, 97 ಮಿ.ಮೀ. ಬೋರ್, ಹೆಸರು ಬಂದದ್ದು ಹಾಗೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿದಾಗಿನ ಮನೆತನದ ಎರಕ. ಬ್ಲಾಕ್ ಬೇಗ ಸಾಯುವಂಥದ್ದಲ್ಲ. ಅದರ ಸಂದುಗಳಲ್ಲಿ ಕೂತ ಕಾರ್ಕು, ಕಾಗದ, ರಬ್ಬರಿಗೆ ಆ ಆಯುಸ್ಸಿಲ್ಲ. ವರ್ಷಗಟ್ಟಲೆ ಕಾದು ತಣಿದು ಕಾರ್ಕು ಕುಗ್ಗುತ್ತದೆ, ರಬ್ಬರ್ ಸೀಲು ಉಗುರೂರಿದರೂ ತಗ್ಗದಷ್ಟು ಗಟ್ಟಿಯಾಗುತ್ತದೆ.

ಸೋರಿಕೆ ಹುಡುಕಲು ಮೊದಲು ಬೇಕಾದದ್ದು ಪಾನಾ ಅಲ್ಲ, ನೀರು. ವರ್ಷಗಳ ಆಯಿಲ್, ಧೂಳು ಸೇರಿ ಬ್ಲಾಕಿನ ಮೇಲೆ ಬೆರಳು ದಪ್ಪದ ಜಿಡ್ಡು ಕೂತಿರುವಾಗ ಯಾವುದು ಇವತ್ತಿನ ಒದ್ದೆ, ಯಾವುದು ಹೋದ ದೀಪಾವಳಿಯದ್ದು ಎಂದು ಯಾರೂ ಹೇಳಲಾರರು. ಡೀಸೆಲ್ ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಡೈನಮೊ, ಸೆಲ್ಫ್ ಮೋಟಾರಿಗೆ ಪ್ಲಾಸ್ಟಿಕ್ ಕಟ್ಟಿ ತೊಳೆಯಬೇಕು; ಗಾಳಿ ಹಿಡಿದು ಒಣಗಿಸಬೇಕು. ವಿಚಿತ್ರವೆಂದರೆ ಈ ಕೆಲಸವನ್ನು ಎಲ್ಲ ಮಾಲೀಕರೂ ಮಾಡಿಸುತ್ತಾರೆ, ಆದರೆ ಎಫ್‌ಸಿಗೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಆರ್‌ಟಿಒ ಮುಂದೆ ನಿಲ್ಲಿಸುವ ಹಿಂದಿನ ದಿನ ಇಂಜಿನ್ ಮದುವಣಗಿತ್ತಿಯಂತೆ ಹೊಳೆಯುತ್ತದೆ. ಸೋರಿಕೆ ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಅವತ್ತು ಯಾರೂ ನೋಡುವುದಿಲ್ಲ, ಅಷ್ಟೇ.

ಒಣಗಿದ ಇಂಜಿನ್ನಿಗೆ ಅನುಮಾನವಿರುವ ಕಡೆಯೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಬಿಸಿಯಾಗುವವರೆಗೆ ಓಡಿಸಿ ತಂದರೆ ಆಯಿಲ್ ಬಂದ ದಾರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ರೇಡಿಯೇಟರ್ ಫ್ಯಾನಿನ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುವುದರಿಂದ ಸೋರುವ ಜಾಗ ಒದ್ದೆಗಿಂತ ಮುಂದೆಯೇ ಇರುತ್ತದೆ. ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಮುಂದಿನ ಒದ್ದೆ ಯಾವುದೋ ಅಲ್ಲಿಗೆ ಕೈ ಹಾಕಬೇಕು.

ಅದಕ್ಕೂ ಮೊದಲು ಬ್ರೀದರ್ ನೋಡಬೇಕೆಂಬುದು ನನ್ನ ಹಟ. ರಿಂಗು, ಲೈನರ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸು ಸ್ವಲ್ಪ ಕೆಳಗೆ ಚೇಂಬರಿಗೆ ನುಸುಳಿಯೇ ನುಸುಳುತ್ತದೆ. ಅದನ್ನು ಹೊರಗೆ ಬಿಡುವುದು ಬ್ರೀದರ್ ಪೈಪಿನ ಕೆಲಸ. ಸಂಡೂರು, ಹೊಸಪೇಟೆ ಕಡೆ ಅದಿರು ಹೊತ್ತ ಗಾಡಿಯಾದರೆ ಕೆಂಪು ಧೂಳು ಆಯಿಲಿನ ಜೊತೆ ಕಲಸಿ ಅದರ ಬಾಯಿ ಮುಚ್ಚಿಬಿಡಬಹುದು. ಒಳಗಿನ ಒತ್ತಡಕ್ಕೆ ದಾರಿ ಬೇಕಲ್ಲ, ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ಹಿಂದಿನ ಸೀಲು, ಎಲ್ಲೆಲ್ಲಿ ಸಡಿಲವೋ ಅಲ್ಲೆಲ್ಲ ಆಯಿಲನ್ನು ಹೊರಗೆ ನೂಕುತ್ತದೆ. ಏಕಕಾಲಕ್ಕೆ ನಾಲ್ಕು ಕಡೆ ಸೋರುವ ಇಂಜಿನ್ನಿನಲ್ಲಿ ನಾಲ್ಕು ಪ್ಯಾಕಿಂಗೂ ಒಟ್ಟಿಗೆ ಸತ್ತಿವೆ ಎಂದು ನಂಬುವ ಮೊದಲು ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆಯಿರಿ.

ಪರೀಕ್ಷೆಗೆ ಖರ್ಚಿಲ್ಲ. ಇಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅದನ್ನೇ ಬೋರಲಾಗಿ ತೂತಿನ ಮೇಲೆ ಇಡುವುದು. ಸುಮ್ಮನೆ ನಡುಗುತ್ತ ಕೂತರೆ ಚಿಂತೆಯಿಲ್ಲ. ಎಗರಿ ಬಿದ್ದು, ತೂತಿನಿಂದ ಬುಸುಬುಸು ಹೊಗೆ ಬಂದರೆ, ಬ್ರೀದರ್ ತೊಳೆದ ಮೇಲೂ ಹಾಗೇ ಇದ್ದರೆ, ಅದು ಗ್ಯಾರೇಜಿನವರು ಹೇಳುವ ‘ಬ್ಯಾಕ್ ಕಂಪ್ರೆಷನ್’. ರಿಂಗು, ಲೈನರ್ ಸವೆದಿವೆ, ಹಾಫ್ ಇಂಜಿನ್ ಕೆಲಸ ಬಂದಿದೆ. ಅಂಥ ಇಂಜಿನ್ನಿಗೆ ಹೊಸ ಪ್ಯಾಕಿಂಗ್ ಹಾಕಿಸುವ ಹಣವನ್ನು ಡೀಸೆಲಿಗೆ ಹಾಕುವುದು ಮೇಲು.

ಬ್ರೀದರ್ ಸರಿಯಿದ್ದರೆ ಮೊದಲ ಅನುಮಾನ ಟ್ಯಾಪೆಟ್ ಕವರಿನ ಮೇಲೆ. ಸೋರುತ್ತಿದೆ ಎಂದು ಡ್ರೈವರ್ ಬಿಗಿಯುತ್ತಾನೆ, ನಿಲ್ಲದಿದ್ದರೆ ಇನ್ನೊಂದು ಸುತ್ತು ಬಿಗಿಯುತ್ತಾನೆ. ತಗಡಿನ ಕವರಾದರೆ ಬೋಲ್ಟಿನ ಸುತ್ತ ಒಳಕ್ಕೆ ತಗ್ಗುತ್ತದೆ, ಎರಡು ಬೋಲ್ಟುಗಳ ನಡುವೆ ಮೇಲೇಳುತ್ತದೆ. ಕಾರ್ಕು ಒಂದು ಕಡೆ ಜಜ್ಜಿ ಹೊರಗೆ ಬಂದರೆ ಇನ್ನೊಂದು ಕಡೆ ಒತ್ತಡವೇ ಬಿದ್ದಿರುವುದಿಲ್ಲ. ಕೆಲಸ ಬಲ್ಲವರು ಕವರನ್ನು ಗಾಜಿನ ಮೇಲೆ ಬೋರಲಿಟ್ಟು ಎಲ್ಲಿ ಬೆಳಕು ನುಗ್ಗುತ್ತದೆ ಎಂದು ನೋಡುತ್ತಾರೆ. ತಗ್ಗಿದ ಅಂಚನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಮಟ್ಟ ಮಾಡುತ್ತಾರೆ. ಅಂಗಡಿಯಲ್ಲಿ ಒಣಗಿ ಕುಗ್ಗಿದ ಕಾರ್ಕು ಬೋಲ್ಟಿನ ತೂತಿಗೆ ಹೊಂದದಿದ್ದರೆ ಎಳೆದು ಹರಿಯುವುದು ಬೇಡ, ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಹಿಗ್ಗುತ್ತದೆ. ಬಿಗಿಯುವುದು ನಡುವಿನಿಂದ ಆಚೀಚೆಗೆ, ಸ್ವಲ್ಪ ಸ್ವಲ್ಪವೇ. ಶೆಲ್ಲಾಕ್, ಪೇಸ್ಟುಗಳನ್ನು ಧಾರಾಳವಾಗಿ ಮೆತ್ತಿದರೆ ಭದ್ರ ಎಂಬ ನಂಬಿಕೆಯೂ ಇದೆ. ಹೊರಗೆ ಉಬ್ಬಿದಷ್ಟೇ ಪೇಸ್ಟು ಒಳಗೂ ಉಬ್ಬಿರುತ್ತದೆ. ಅದು ಕಿತ್ತು ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ನಿಂತರೆ ಬೇರಿಂಗುಗಳ ಕಥೆ ಮುಗಿಯಿತು.

ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸೀಲು ಬದಲಿಸಿದ ಮೇಲೂ ಸೋರಿದರೆ ಸೀಲು ತಯಾರಿಸಿದವರನ್ನು ಬೈಯುವ ಮೊದಲು, ಪುಲ್ಲಿಯಲ್ಲಿ ಸೀಲು ಉಜ್ಜುವ ಭಾಗದ ಮೇಲೆ ಉಗುರು ಆಡಿಸಬೇಕು. ಹಳೆಯ ಸೀಲಿನ ತುಟಿ ಅಲ್ಲಿ ಗೆರೆ ಕೊರೆದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಸೀಲನ್ನು ಎಳೆಯಷ್ಟು ಮುಂದೆಯೋ ಹಿಂದೆಯೋ ಕೂರಿಸಿದರೆ ತುಟಿ ಸವೆಯದ ಜಾಗದಲ್ಲಿ ಓಡುತ್ತದೆ. ಸ್ಪ್ರಿಂಗ್ ಇರುವ ಮಗ್ಗುಲು ಆಯಿಲಿನ ಕಡೆ, ಕೂರಿಸುವ ಮುಂಚೆ ತುಟಿಗೆ ಆಯಿಲ್. ಒಣ ಸೀಲು ಮೊದಲ ಸೆಲ್ಫಿಗೇ ಸುಟ್ಟುಹೋಗುತ್ತದೆ.

ಇನ್ನು ಕೆಲವು ಗಾಡಿಗಳಲ್ಲಿ ನೆಲದ ಮೇಲೆ ಒಂದು ಹನಿಯೂ ಇಲ್ಲ, ಡಿಪ್‌ಸ್ಟಿಕ್ ಮಾತ್ರ ಕೆಳಗಿಳಿಯುತ್ತಿರುತ್ತದೆ. ಏರ್ ಟ್ಯಾಂಕಿನ ಡ್ರೈನ್ ತೆರೆದು ನೋಡಿ. ಕಪ್ಪು ಆಯಿಲ್ ಚಿಮ್ಮಿದರೆ ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್ ಆಯಿಲನ್ನೂ ದಾಟಿಸುತ್ತಿದೆ. ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ ಖುಷಿಪಡಬೇಡಿ, ಡೀಸೆಲ್ ಪಂಪಿನ ಕಡೆಯಿಂದ ಡೀಸೆಲ್ ಒಳಗಿಳಿದು ಕಲಸುತ್ತಿರಬಹುದು. ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ.

ಉಳಿದದ್ದು ಕ್ಲಚ್ ಹೌಸಿಂಗ್ ತಳದ ತೂತಿನಿಂದ ಬೀಳುವ ಹನಿ. ಬೆರಳಿಗೆ ಹಚ್ಚಿ ಮೂಸಿ: ಗಂಧಕದ ಕೊಳೆತ ವಾಸನೆಯಿದ್ದರೆ ಗೇರ್ ಆಯಿಲ್, ಇಂಜಿನ್ನಿಗೆ ಸಂಬಂಧವಿಲ್ಲ. ಇಂಜಿನ್ ಆಯಿಲೇ ಆದರೂ ಟ್ಯಾಪೆಟ್ ಕವರಿನ ಹಿಂತುದಿಯಿಂದ ಇಳಿದು ಬಂದದ್ದಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಕ್ರ್ಯಾಂಕಿನ ಹಿಂದಿನ ಸೀಲಿನ ಮಾತು, ಯಾಕೆಂದರೆ ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ನಿಂತಾಗ ನಿಮಿಷಕ್ಕೊಂದು ಹನಿ ಬಿದ್ದರೆ, ಇಪ್ಪತ್ತು ಹನಿಗೆ ಒಂದು ಮಿ.ಲೀ. ಲೆಕ್ಕದಲ್ಲಿ, ಇಡೀ ದಿನಕ್ಕೆ 72 ಮಿ.ಲೀ.; ಓಡುವಾಗ ಇದಕ್ಕಿಂತ ಹೆಚ್ಚು. ಬೆಳಿಗ್ಗೆ ಡಿಪ್‌ಸ್ಟಿಕ್ ನೋಡುವ ಡ್ರೈವರ್ ಇದ್ದು, ಕ್ಲಚ್ ಜಾರದೆ ಹಿಡಿಯುತ್ತಿದ್ದರೆ ಕೆಳಗೊಂದು ತಟ್ಟೆ ಇಟ್ಟು ಕಾಯಬಹುದು. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಇಳಿಯುತ್ತದಲ್ಲ, ಅವತ್ತು ಸೀಲನ್ನೂ ತಂದಿಟ್ಟುಕೊಂಡಿದ್ದರೆ ಕೂಲಿ ಒಂದೇ.