ರಸಪ್ರಶ್ನೆಯ ಕುರ್ಚಿಯನ್ನೇರುವ ಮುನ್ನ

ತಿಳಿವಳಿಕೆಯನ್ನು ಒರೆಗೆ ಹಚ್ಚುವ ಆಟ ನಮ್ಮ ನಾಡಿಗೆ ಹೊಸದೇನಲ್ಲ. ಹಳ್ಳಿಯ ಜಗಲಿಯ ಮೇಲೆ ಒಗಟು ಬಿಡಿಸುವುದು, ವಿದ್ವತ್ಸಭೆಯಲ್ಲಿ ಸಮಸ್ಯಾಪೂರಣ ಮಾಡುವುದು, ಅಷ್ಟಾವಧಾನ ನಡೆಸುವುದು ಇವೆಲ್ಲವೂ ಅದೇ ಜಾತಿಗೆ ಸೇರಿದವು. ಆದರೆ ಕಣ್ಣು ಕೋರೈಸುವ ದೀಪಗಳ ಕೆಳಗೆ, ಓಡುವ ಗಡಿಯಾರದ ಮುಂದೆ, ಲಕ್ಷಗಟ್ಟಲೆ ಹಣಕ್ಕಾಗಿ ಉತ್ತರ ಹೇಳುವ ಆಟ ಈಚಿನದು. ಇಂಗ್ಲೆಂಡಿನಲ್ಲಿ 1998ರಲ್ಲಿ ಆರಂಭವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಕಾರ್ಯಕ್ರಮವು 2000ದ ಜುಲೈನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಎಂಬ ಹೆಸರಿನಿಂದ ಹಿಂದಿಗೆ ಬಂದಿತು. 2012ರಲ್ಲಿ ಅದೇ ಆಟವು ‘ಕನ್ನಡದ ಕೋಟ್ಯಧಿಪತಿ’ಯಾಗಿ ಸುವರ್ಣ ವಾಹಿನಿಯಲ್ಲಿ ಕಾಣಿಸಿಕೊಂಡಿತು. ಅದನ್ನು ಮೊದಲು ನಡೆಸಿಕೊಟ್ಟವರು ದಿವಂಗತ ಪುನೀತ್ ರಾಜ್‌ಕುಮಾರ್. 2018ರ ಆವೃತ್ತಿಯನ್ನು ನಡೆಸಿಕೊಟ್ಟವರು ರಮೇಶ್ ಅರವಿಂದ್. ಇದಕ್ಕೂ ಹತ್ತು ವರ್ಷ ಮೊದಲೇ, 2002ರಲ್ಲಿ, ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಆರಂಭವಾಗಿತ್ತು. ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಈ ಕಾರ್ಯಕ್ರಮ ಸಾವಿರಾರು ಕಂತುಗಳನ್ನು ಕಂಡದ್ದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಇಂಥ ಸ್ಪರ್ಧೆಗಳಿಗೆ ಹೋಗಬೇಕೆಂಬ ಆಸೆ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರಿಗಿದೆ. ಆಸೆ ಸಹಜವಾದುದು, ತಪ್ಪೂ ಅಲ್ಲ. ಆದರೆ ‘ಸಾಮಾನ್ಯಜ್ಞಾನದ ಪುಸ್ತಕ ಓದಿದರೆ ಸಾಕು’ ಎಂದು ತಿಳಿಯುವುದು ಸರಿಯಲ್ಲ. ಅಲ್ಲಿ ಉತ್ತರ ತಿಳಿಯದೆ ಸೋತವರಿರುವಂತೆಯೇ, ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ಸೋತವರೂ ಇದ್ದಾರೆ. ಗೆದ್ದ ಮೇಲೆ ಆ ಹಣವನ್ನು ಉಳಿಸಿಕೊಳ್ಳಲು ತಿಳಿಯದೆ ನೊಂದವರೂ ಇದ್ದಾರೆ. ಕುರ್ಚಿಯಲ್ಲಿ ಕುಳಿತಾಗ ಮಾಡಬೇಕಾದ ನಿರ್ಧಾರಗಳನ್ನು ಮನೆಯಲ್ಲಿಯೇ, ಮನಸ್ಸು ಶಾಂತವಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕೆಂಬುದು ಈ ಲೇಖನದ ಮುಖ್ಯ ಅಭಿಪ್ರಾಯ.

ಮೊದಲು ಸಿದ್ಧತೆಯ ವಿಷಯ. ಪೇಟೆಯಲ್ಲಿ ಸಿಗುವ ರಸಪ್ರಶ್ನೆಯ ಪುಸ್ತಕಗಳಲ್ಲಿ ಹಳೆಯ ಉತ್ತರಗಳು ಹಾಗೆಯೇ ಉಳಿದಿರುವುದುಂಟು. ನಮ್ಮ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1986ರಲ್ಲಿ ರಚಿತವಾದಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿದ್ದವು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು; ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ಮಾತ್ರ ಉಳಿದವು. 2025ರ ಜುಲೈನಲ್ಲಿ ರಾಜ್ಯದ ಸಚಿವ ಸಂಪುಟವು ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ್ದು 2008ರಲ್ಲಿ. ಅದಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. ಮನೆಯ ಬಾಗಿಲಲ್ಲಿರುವ ಸಂಗತಿಯೇ ಹೀಗೆ ಬದಲಾಗುತ್ತಿರುವಾಗ, ಹತ್ತು ವರ್ಷದ ಹಿಂದೆ ಅಚ್ಚಾದ ಪುಸ್ತಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತಿಯೊಂದು ಉತ್ತರದ ಪಕ್ಕದಲ್ಲಿ ‘ಯಾವ ವರ್ಷದವರೆಗೆ ಇದು ಸರಿ?’ ಎಂದು ಕೇಳಿಕೊಳ್ಳುವ ಅಭ್ಯಾಸ ಬಹಳ ಉಪಯುಕ್ತವಾದುದು.

ಇನ್ನೊಂದು ಅಭ್ಯಾಸವಿದೆ. ನೂರು ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಪ್ರತಿಯೊಂದರ ಮುಂದೆಯೂ ‘ಖಚಿತ’, ‘ಬಹುಶಃ’, ‘ಊಹೆ’ ಎಂದು ಗುರುತು ಹಾಕಬೇಕು. ಆಮೇಲೆ ‘ಖಚಿತ’ ಎಂದವುಗಳಲ್ಲಿ ಎಷ್ಟು ತಪ್ಪಾದವೆಂದು ಎಣಿಸಬೇಕು. ಇಪ್ಪತ್ತರಲ್ಲಿ ನಾಲ್ಕು ತಪ್ಪಾಗಿದ್ದರೆ, ನಮ್ಮ ‘ಖಚಿತ’ ಎಂಬ ಮಾತಿಗೆ ನೂರಕ್ಕೆ ಎಂಬತ್ತರಷ್ಟೇ ಬೆಲೆ ಎಂದು ಅರ್ಥ. ತನಗೆ ಏನು ತಿಳಿದಿದೆ ಎಂಬುದಷ್ಟೇ ಅಲ್ಲದೆ, ತನ್ನ ತಿಳಿವಳಿಕೆಯನ್ನು ತಾನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೂ ಅರಿತವನು ಅರ್ಧ ಗೆದ್ದಂತೆ.

ಈಗ ನಿಲ್ಲುವುದೋ ಮುಂದುವರಿಯುವುದೋ ಎಂಬ ಕಠಿಣ ಪ್ರಶ್ನೆಗೆ ಬರೋಣ. ಸ್ಪರ್ಧಿಯೊಬ್ಬನ ಕೈಯಲ್ಲಿ 6,40,000 ರೂಪಾಯಿ ಇದೆಯೆಂದು ಭಾವಿಸೋಣ. ಮುಂದಿನ ಪ್ರಶ್ನೆಗೆ ಸರಿಯುತ್ತರ ಹೇಳಿದರೆ ಅದು 12,50,000 ಆಗುತ್ತದೆ. ತಪ್ಪಿದರೆ 3,20,000ಕ್ಕೆ ಇಳಿಯುತ್ತದೆ. ಸರಿಯಾದರೆ ಲಾಭ 6,10,000. ತಪ್ಪಾದರೆ ನಷ್ಟ 3,20,000. ಎರಡನ್ನೂ ಕೂಡಿದರೆ 9,30,000. ಇದರಲ್ಲಿ ನಷ್ಟದ ಪಾಲು ನೂರಕ್ಕೆ ಸುಮಾರು ಮೂವತ್ತನಾಲ್ಕು. ಎಂದರೆ, ಉತ್ತರ ಸರಿಯಾಗುವ ಸಂಭವ ನೂರಕ್ಕೆ ಮೂವತ್ತನಾಲ್ಕಕ್ಕಿಂತ ಹೆಚ್ಚಿದ್ದರೆ ಮುಂದುವರಿಯುವುದು ಲೆಕ್ಕದಂತೆ ಲಾಭಕರ. ನಾಲ್ಕು ಉತ್ತರಗಳಲ್ಲಿ ಯಾವುದೆಂಬುದು ಸ್ವಲ್ಪವೂ ತಿಳಿಯದಿದ್ದರೆ ಸಂಭವ ನೂರಕ್ಕೆ ಇಪ್ಪತ್ತೈದು ಮಾತ್ರ. ಆಗ ನಿಲ್ಲುವುದೇ ಲೇಸು. ಎರಡು ತಪ್ಪುತ್ತರಗಳನ್ನು ತೆಗೆದುಹಾಕಲು ಸಾಧ್ಯವಾದರೆ ಸಂಭವ ಐವತ್ತಾಗುತ್ತದೆ. ಆಗ ಲೆಕ್ಕವು ‘ಮುಂದೆ ಹೋಗು’ ಎನ್ನುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಲೆಕ್ಕ ಸಾವಿರ ಸಲ ಆಡುವವನಿಗೆ ಹೇಳಿದ್ದು. ನಾವು ಆಡುವುದು ಒಂದೇ ಸಲ. ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರಲ್ಲಿ ಮಗ್ಗದ ಮೇಲೆ ನಾಲ್ಕು ಲಕ್ಷ ಸಾಲವಿದೆಯೆನ್ನೋಣ. ಆ ಮನೆಯ ಹುಡುಗಿಗೆ ಮೊದಲ ನಾಲ್ಕು ಲಕ್ಷದ ಬೆಲೆಯೇ ಬೇರೆ, ಅದರ ಮೇಲಿನ ನಾಲ್ಕು ಲಕ್ಷದ ಬೆಲೆಯೇ ಬೇರೆ. ಮೊದಲನೆಯದು ಸಾಲ ತೀರಿಸುತ್ತದೆ. ಎರಡನೆಯದು ಅನುಕೂಲವನ್ನು ಹೆಚ್ಚಿಸುತ್ತದೆ. ಸಾಲವಿಲ್ಲದ ಮನೆಯಿಂದ ಬಂದವನು ಧೈರ್ಯ ಮಾಡಬಹುದಾದ ಕಡೆಯಲ್ಲಿ ಆಕೆ ನಿಂತರೆ ಅದನ್ನು ಹೇಡಿತನವೆನ್ನಲಾಗದು. ಆದುದರಿಂದ ಹೊರಡುವ ಮುನ್ನ ಮನೆಯವರೊಡನೆ ಕುಳಿತು, ‘ಇಷ್ಟು ಹಣ ಕೈಗೆ ಬಂದರೆ ಊಹೆಯ ಮೇಲೆ ಮುಂದೆ ಹೋಗುವುದಿಲ್ಲ’ ಎಂಬ ಒಂದು ಮೊತ್ತವನ್ನು ಕಾಗದದ ಮೇಲೆ ಬರೆದಿಡಬೇಕು. ಸಭಿಕರ ಚಪ್ಪಾಳೆ, ನಿರೂಪಕರ ಹುರಿದುಂಬಿಸುವ ಮಾತು ಇವುಗಳ ನಡುವೆ ಹೊಸ ನಿರ್ಧಾರ ಮಾಡಲು ಹೋದರೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗುತ್ತದೆ.

ಲೈಫ್‌ಲೈನುಗಳ ವಿಷಯದಲ್ಲಿಯೂ ವಿವೇಚನೆ ಬೇಕು. ಅಮೆರಿಕದ ಲೇಖಕ ಜೇಮ್ಸ್ ಸುರೊವೀಕಿ 2004ರ ತಮ್ಮ ಗ್ರಂಥದಲ್ಲಿ, ಆ ದೇಶದ ಆವೃತ್ತಿಯಲ್ಲಿ ಸಭಿಕರ ಬಹುಮತ ನೂರಕ್ಕೆ ತೊಂಬತ್ತೊಂದು ಸಲ ಸರಿಯಾಗಿತ್ತೆಂದೂ, ಫೋನಿನಲ್ಲಿ ವಿಚಾರಿಸಿದ ಸ್ನೇಹಿತರು ಸುಮಾರು ಅರವತ್ತೈದು ಸಲ ಮಾತ್ರ ಸರಿಯಾಗಿದ್ದರೆಂದೂ ಹೇಳಿದ್ದಾರೆ. ಸಾಮಾನ್ಯವಾಗಿ ಸ್ಪರ್ಧಿಗಳು ಸಭಿಕರನ್ನು ಕೇಳುವುದು ಆರಂಭದ ಸುಲಭ ಪ್ರಶ್ನೆಗಳಿಗೆ, ಸ್ನೇಹಿತರನ್ನು ಕೇಳುವುದು ಕಷ್ಟದ ಪ್ರಶ್ನೆಗಳಿಗೆ ಎಂಬುದನ್ನೂ ಮರೆಯಬಾರದು. ಸಿನಿಮಾ, ಕ್ರಿಕೆಟ್, ಹಬ್ಬಹರಿದಿನಗಳ ವಿಷಯದಲ್ಲಿ ಸಭೆಯನ್ನು ನಂಬಬಹುದು. ಶಾಸನ, ರಸಾಯನಶಾಸ್ತ್ರಗಳ ವಿಷಯದಲ್ಲಿ ಅದೇ ವಿಷಯವನ್ನು ಓದಿದ ಒಬ್ಬ ಅಧ್ಯಾಪಕರು ನೂರು ಜನರಿಗಿಂತ ಮೇಲು.

ಇನ್ನು ಹಣದ ವಿಷಯ. ಪರದೆಯ ಮೇಲೆ ಕಾಣುವ ಮೊತ್ತವು ಕೈಗೆ ಬರುವ ಮೊತ್ತವಲ್ಲ. 2001ರ ಹಣಕಾಸು ಕಾಯಿದೆಯು ದೂರದರ್ಶನದ ಸ್ಪರ್ಧಾಕಾರ್ಯಕ್ರಮಗಳನ್ನು ಸ್ಪಷ್ಟವಾಗಿ ಹೆಸರಿಸಿ, ಅವುಗಳ ಬಹುಮಾನವನ್ನು ಲಾಟರಿಯ ಬಹುಮಾನದ ಸಾಲಿಗೆ ಸೇರಿಸಿತು. ಇಂಥ ಬಹುಮಾನಕ್ಕೆ ತೆರಿಗೆಯ ದರ ನೂರಕ್ಕೆ ಮೂವತ್ತು. ಆ ತೆರಿಗೆಯ ಮೇಲೆ ನೂರಕ್ಕೆ ನಾಲ್ಕರಷ್ಟು ಸೆಸ್ ಬೇರೆ. ಸಂಬಳಕ್ಕೆ ದೊರೆಯುವ ಮೂಲ ವಿನಾಯಿತಿ ಇದಕ್ಕೆ ಅನ್ವಯಿಸದು. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿಯೂ ದೊಡ್ಡ ವ್ಯಾಪಾರಿಯೂ ಇಲ್ಲಿ ಒಂದೇ ದರದ ತೆರಿಗೆ ಕೊಡಬೇಕು. ಬಟ್ಟೆ, ಪ್ರಯಾಣ, ಪುಸ್ತಕಗಳಿಗೆ ಮಾಡಿದ ಖರ್ಚನ್ನು ಅದರಿಂದ ಕಳೆಯುವಂತೆಯೂ ಇಲ್ಲ.

ಮೇಲಿನ 6,40,000 ರೂಪಾಯಿಗೇ ಇದನ್ನು ಅನ್ವಯಿಸಿ ನೋಡೋಣ. ಬಹುಮಾನ ಕೊಡುವವರು ಮೊದಲೇ 1,92,000 ರೂಪಾಯಿಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಸೆಸ್ಸಿನ ಬಾಬ್ತು 7,680 ರೂಪಾಯಿಯನ್ನು ವಿಜೇತನೇ ಆದಾಯದ ವಿವರಣಪತ್ರ ಸಲ್ಲಿಸುವಾಗ ಕಟ್ಟಬೇಕಾಗುತ್ತದೆ. ಕೊನೆಗೆ ಉಳಿಯುವುದು 4,40,320 ರೂಪಾಯಿ. ನೇಕಾರರ ಮನೆಯ ಹುಡುಗಿ ಸಾಲಕ್ಕೆ ಹೋಲಿಸಬೇಕಾದದ್ದು ಈ ಮೊತ್ತವನ್ನೇ ಹೊರತು ಪರದೆಯ ಮೇಲಿನದನ್ನಲ್ಲ. ಬಹುಮಾನ ಹಣದ ಬದಲು ಸ್ಕೂಟರೋ ಕಾರೋ ಆಗಿದ್ದರೆ ತೊಡಕು ಹೆಚ್ಚು. ಅದರ ಬೆಲೆಯ ಮೇಲಿನ ತೆರಿಗೆ ಸಂದಾಯವಾದ ಮೇಲೆಯೇ ವಸ್ತುವನ್ನು ಬಿಟ್ಟುಕೊಡಬೇಕೆಂದು ಕಾಯಿದೆಯಿದೆ. ಲಕ್ಷ ರೂಪಾಯಿಯ ಸ್ಕೂಟರಿಗೆ ಮೂವತ್ತು ಸಾವಿರವನ್ನು ಯಾರು ಕಟ್ಟುವರೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಪ್ಯಾನ್ ಕಾರ್ಡು, ಸ್ವಂತ ಹೆಸರಿನ ಬ್ಯಾಂಕ್ ಖಾತೆ, ತೆರಿಗೆ ಮುರಿದ ಪ್ರಮಾಣಪತ್ರ ಈ ಮೂರನ್ನೂ ಜೋಪಾನವಾಗಿಟ್ಟುಕೊಳ್ಳುವುದು ಅಗತ್ಯ.

ಸ್ಪರ್ಧಿಗಳು ಸಹಿ ಮಾಡುವ ಒಪ್ಪಂದಪತ್ರವನ್ನು ಓದದೆ ಸಹಿ ಮಾಡಬಾರದು. ಪ್ರಸಾರವಾಗುವ ತನಕ ಫಲಿತಾಂಶವನ್ನು ಹೊರಗೆ ಹೇಳಬಾರದೆಂಬ ಷರತ್ತು, ಹಣ ಯಾವಾಗ ದೊರೆಯುತ್ತದೆಂಬ ವಿವರ, ಚಿತ್ರೀಕರಣದ ಮೇಲಿನ ಹಕ್ಕು, ಕಾರ್ಯಕ್ರಮದ ನೌಕರರ ಬಂಧುಗಳು ಭಾಗವಹಿಸಬಾರದೆಂಬ ನಿಯಮ ಇವು ಸಾಮಾನ್ಯವಾಗಿ ಅದರಲ್ಲಿರುತ್ತವೆ. ಭಾಷೆ ತೊಡಕೆನಿಸಿದರೆ ಓದಿ ಹೇಳುವಂತೆ ಕೇಳುವುದರಲ್ಲಿ ನಾಚಿಕೆಯಿಲ್ಲ. ಸರ್ಕಾರಿ ಸೇವೆಯಲ್ಲಿರುವ ಅಧ್ಯಾಪಕ ಮಹಾಶಯರು ತಮ್ಮ ಸೇವಾ ನಡತೆಯ ನಿಯಮಗಳನ್ನು ನೋಡಿಕೊಂಡೇ ಅರ್ಜಿ ಹಾಕುವುದು ಕ್ಷೇಮ.

ಈ ಕ್ಷೇತ್ರದಲ್ಲಿ ಮೋಸವೂ ಉಂಟು. ‘ನಿಮ್ಮ ಮೊಬೈಲ್ ಸಂಖ್ಯೆಗೆ ಕೌನ್ ಬನೇಗಾ ಕರೋಡ್‌ಪತಿಯ ಇಪ್ಪತ್ತೈದು ಲಕ್ಷದ ಲಾಟರಿ ಬಂದಿದೆ’ ಎಂಬ ವಾಟ್ಸಾಪ್ ಸಂದೇಶದಿಂದ ದೇಶದಲ್ಲಿ ಅನೇಕರು ಹಣ ಕಳೆದುಕೊಂಡಿದ್ದಾರೆ. ಮೊದಲು ‘ನೋಂದಣಿ ಶುಲ್ಕ’, ಆಮೇಲೆ ‘ತೆರಿಗೆ’, ಆಮೇಲೆ ‘ಬ್ಯಾಂಕಿನ ಖರ್ಚು’ ಎಂದು ಹಂತಹಂತವಾಗಿ ಸುಲಿಯುವುದು ಇದರ ರೀತಿ. ಒಂದು ಮಾತನ್ನು ನೆನಪಿಡಬೇಕು: ನಗದು ಬಹುಮಾನದ ತೆರಿಗೆಯನ್ನು ಬಹುಮಾನದಿಂದಲೇ ಮುರಿಯುತ್ತಾರೆಯೇ ಹೊರತು ಅಪರಿಚಿತನ ಖಾತೆಗೆ ಮುಂಗಡ ಕಟ್ಟಿಸಿಕೊಳ್ಳುವುದಿಲ್ಲ. ಆಡದ ಆಟಕ್ಕೆ ಬಹುಮಾನವೂ ಇಲ್ಲ. ಮೋಸಹೋದವರು ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು. ನಮ್ಮ ಮನೆಗಳಲ್ಲಿ ಇಂಥ ಸಂದೇಶ ಮೊದಲು ತಲಪುವುದು ಅಜ್ಜ ಅಜ್ಜಿಯರಿಗೆ, ತಾಯಂದಿರಿಗೆ. ಅವರಿಗೆ ತಿಳಿಸಿ ಹೇಳುವ ಹೊಣೆ ಓದಿದ ಮಕ್ಕಳದು.

ಸ್ಪರ್ಧಿ ತಾನೇ ಮೋಸಕ್ಕೆ ಪಾಲುದಾರನಾಗುವ ಪ್ರಲೋಭನೆಯೂ ಒದಗಬಹುದು. ಅಮೆರಿಕದ ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮದಲ್ಲಿ 1956-57ರಲ್ಲಿ ಚಾರ್ಲ್ಸ್ ವಾನ್ ಡೋರನ್ ಎಂಬ ಕೊಲಂಬಿಯಾ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ 1,29,000 ಡಾಲರ್ ಗೆದ್ದು ಮನೆಮಾತಾದರು. ಪ್ರಶ್ನೋತ್ತರಗಳನ್ನು ತನಗೆ ಮೊದಲೇ ಕೊಟ್ಟಿದ್ದರೆಂದು 1959ರಲ್ಲಿ ಅವರು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಒಪ್ಪಿಕೊಂಡರು. ಅಧ್ಯಾಪಕ ವೃತ್ತಿಯೂ ಹೋಯಿತು. ಮರುವರ್ಷ ಅಂಥ ವಂಚನೆಯನ್ನು ಅಪರಾಧವೆಂದು ಸಾರುವ ಕಾಯಿದೆ ಆ ದೇಶದಲ್ಲಿ ಬಂದಿತು. ವಿದ್ಯಾವಂತನಾದವನೂ ಜಾರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಗೆದ್ದ ಮೇಲಿನ ಕಷ್ಟವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ತಿಂಗಳಿಗೆ 6,000 ರೂಪಾಯಿ ವೇತನದ ಕಂಪ್ಯೂಟರ್ ಆಪರೇಟರ್ ಆಗಿದ್ದು, 2011ರಲ್ಲಿ ಹಿಂದಿ ಕಾರ್ಯಕ್ರಮದಲ್ಲಿ ಐದು ಕೋಟಿ ಗೆದ್ದವರು. ಗೆದ್ದ ನಂತರ ಸರಿಯಾಗಿ ತಿಳಿಯದ ವ್ಯವಹಾರಗಳಲ್ಲಿ ಹಣ ಹೂಡಿದುದನ್ನೂ, ದಾನದ ಹೆಸರಿನಲ್ಲಿ ಮೋಸಹೋದುದನ್ನೂ ಅವರು 2020ರಲ್ಲಿ ತಾವೇ ಬಹಿರಂಗವಾಗಿ ಬರೆದರು. ಹಣ ಬಂದ ದಿನವೇ ಅದಕ್ಕೆ ನೂರು ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. ಸಾಲವನ್ನು ತೀರಿಸಿ, ಸೆಸ್ಸಿನ ಬಾಕಿಯನ್ನು ಎತ್ತಿಟ್ಟು, ಉಳಿದುದನ್ನು ಆರು ತಿಂಗಳಾದರೂ ಬ್ಯಾಂಕಿನ ಠೇವಣಿಯಲ್ಲಿಟ್ಟು ಸುಮ್ಮನಿರುವುದು ಬುದ್ಧಿವಂತರ ಲಕ್ಷಣ.

ಎಷ್ಟೇ ಸಿದ್ಧತೆ ಮಾಡಿಕೊಂಡರೂ ಕುರ್ಚಿಯವರೆಗೆ ತಲಪುವವರು ಕೆಲವರು ಮಾತ್ರ. ಆದರೆ ಆ ಸಿದ್ಧತೆ ವ್ಯರ್ಥವಾಗದು. ನಮ್ಮಲ್ಲಿ ಬಹುಮಂದಿ ಮುಂದೆ ಬರೆಯಲಿರುವ ಕೆ.ಎ.ಎಸ್., ಪಿ.ಡಿ.ಓ., ಪೊಲೀಸ್ ಪರೀಕ್ಷೆಗಳಲ್ಲಿಯೂ ಬೇಕಾದದ್ದು ಇದೇ ತಿಳಿವಳಿಕೆ; ತಪ್ಪುತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಊಹಿಸಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸಲು ಬೇಕಾದದ್ದೂ ಇದೇ ಲೆಕ್ಕ. ವಾರಕ್ಕೊಂದು ಸಂಜೆ ನಮ್ಮ ಗ್ರಂಥಾಲಯದಲ್ಲಿ ಹತ್ತು ಮಂದಿ ಕೂಡಿ, ಒಬ್ಬರು ಪ್ರಶ್ನೆ ಕೇಳುತ್ತ ಉಳಿದವರು ‘ಖಚಿತ’, ‘ಬಹುಶಃ’, ‘ಊಹೆ’ ಎಂದು ಗುರುತು ಹಾಕಿ ಉತ್ತರ ಬರೆಯುವ ಅಭ್ಯಾಸ ಆರಂಭಿಸಿದರೆ ಅದಕ್ಕೆ ತಗಲುವ ಖರ್ಚು ಕೆಲವು ಹಾಳೆ ಕಾಗದ ಮಾತ್ರ. ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ನಡೆಸಬಹುದು. ಆಸಕ್ತಿಯಿರುವ ಮಿತ್ರರು ಮುಂದೆ ಬರಬೇಕೆಂದು ಕೋರುತ್ತೇನೆ.