ನಿಮಗಿದು ಗೊತ್ತೆ? ಬಲೆ ನೇಯುವ ತೋಳಜೇಡ

ತೋಳಜೇಡಗಳಲ್ಲಿ ಬಹುಪಾಲು ಬಲೆಯ ಗೊಡವೆಗೇ ಹೋಗದೆ ನೆಲದ ಮೇಲೆ ಓಡಾಡಿ ಬೇಟೆಯನ್ನು ಹಿಡಿಯುವುವಾದರೂ, ಅದೇ ಕುಟುಂಬಕ್ಕೆ ಸೇರಿದ ‘ಹಿಪ್ಪಾಸ’ ಕುಲದ ಜೇಡವು ಹುಲ್ಲಿನ ಬುಡದಲ್ಲಿ ತೆಳುವಾದ ಬಲೆಯನ್ನು ಹಾಸಿ, ಅದರ ಒಂದಂಚಿಗೆ ಆಲಿಕೆಯಾಕಾರದ ಸುರಂಗವನ್ನು ರಚಿಸಿಕೊಂಡು, ಅದರ ಬಾಯಲ್ಲಿ ಹೊಂಚುಹಾಕಿ ಕುಳಿತಿರುತ್ತದೆ. ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯದಂತಹ ಕುರುಚಲು ಹುಲ್ಲುನೆಲವೂ ಹಾವೇರಿ, ಬ್ಯಾಡಗಿಗಳ ಹೊಲದ ಬದುಗಳೂ ಇಂತಹ ಜೇಡಕ್ಕೆ ಒಪ್ಪುವ ನೆಲೆಗಳು. ಮುಂಜಾವಿನ ಇಬ್ಬನಿ ಕುಳಿತೊಡನೆ, ಅದುವರೆಗೆ ಅಗೋಚರವಾಗಿದ್ದ ಬಲೆಯು ಹುಲ್ಲಿನ ಮೇಲೆ ಒಣಹಾಕಿದ ಬಿಳಿಯ ಅರಿವೆಯಂತೆ ಹೊಳೆಯುತ್ತದೆ. ತಾಯಿಯಾದರೋ ತತ್ತಿಚೀಲವನ್ನು ಒಡಲ ತುದಿಗೆ ಅಂಟಿಸಿಕೊಂಡೇ ತಿರುಗಿ, ಹೊರಬಂದ ಮರಿಗಳನ್ನು ಕೆಲಕಾಲ ಬೆನ್ನ ಮೇಲೆ ಹೊತ್ತು ಸಲಹುತ್ತದೆ.